ಬೇಲಿಯಾಚೆಯ ಮೌನ: ನ್ಯೂಜೆರ್ಸಿಯಿಂದ ಕೇರಿಗೆ ಬಂದವರ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ನನ್ನ ಹತ್ತಿರ ಸಲಹೆಗೆ ಬಂದವರು 41 ವರ್ಷದ ಮಹಿಳೆ. ಹುಟ್ಟಿ ಬೆಳೆದದ್ದು ಬಸವನಗುಡಿ, ಆಮೇಲೆ ಹನ್ನೆರಡು ವರ್ಷ ನ್ಯೂಜೆರ್ಸಿಯ ಎಡಿಸನ್, 2022ರಿಂದ ನಾರ್ತ್ ಕೆರೊಲಿನಾದ ಕೇರಿ (Cary). (ಊರಿನ ಹೆಸರನ್ನು ಅಲ್ಲಿನವರು ಹೇಳುವುದು ಹೆಚ್ಚುಕಡಿಮೆ ನಮ್ಮ ಕೇರಿಯಂತೆಯೇ.) ದೂರು ಒಂದೇ: "ಇಲ್ಲಿನವರಿಗೆ ನಾವು ಬೇಡ." ರಾತ್ರಿ ನಿದ್ದೆ ಹತ್ತುವುದಿಲ್ಲ, ವಾಕಿಂಗ್ ನಿಂತಿದೆ. ಪಕ್ಕದ ಮನೆಯ ಹಿರಿಯರು ಎದುರಾಗದಿರಲಿ ಎಂದು ಅಂಚೆ ಡಬ್ಬಿಯ ಹತ್ತಿರ ಕತ್ತಲಾದ ಮೇಲೆ ಹೋಗುತ್ತಾರೆ. ಗಂಡನ ಧಾಟಿ ಬೇರೆ: "ಟ್ಯಾಕ್ಸ್ ಕಟ್ತೀವಿ, ಇವರಪ್ಪನ ಮನೆ ಗಂಟು ತಿಂದಿದ್ದೀವಾ?"

ಮೊದಲ ಭೇಟಿಯಲ್ಲಿ ಸಮಾಧಾನ ಹೇಳಲಿಲ್ಲ. "ಬೇಡ ಅಂದದ್ದು ಯಾರು, ಯಾವ ಮಾತಿನಲ್ಲಿ?" ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ, ಬರೀ ಸಂಕಟವಿತ್ತು. ಎರಡು ವಾರಕ್ಕೆ ಒಂದು ನೋಟ್‌ಬುಕ್ ಕೊಟ್ಟದ್ದಾಯಿತು, ನಾಲ್ಕು ಕಾಲಂ: ಎಲ್ಲಿ, ಯಾವಾಗ; ಅವರು ಆಡಿದ ಮಾತು ಇದ್ದದ್ದು ಇದ್ದಂತೆ, ಇಂಗ್ಲಿಷಿನಲ್ಲೇ; ಅದಕ್ಕೆ ಐದು ನಿಮಿಷ ಮೊದಲು ನಾವು ಏನು ಅಂದಿದ್ದೆವು; ನನ್ನೊಳಗೆ ನಾನು ಏನಂದುಕೊಂಡೆ. ಎಲ್ಲರೂ ಖಾಲಿ ಬಿಡುವುದು ಮೂರನೆಯದನ್ನು. ಕೆಲಸಕ್ಕೆ ಬರುವುದೂ ಅದೇ.

ಒಂಬತ್ತು ನಮೂದು ಬಂದವು. ಆರರಲ್ಲಿ ಇವರ ಬಣ್ಣ, ಭಾಷೆ, ದೇವರು ಯಾವುದೂ ಇರಲಿಲ್ಲ. ರಸ್ತೆ, ಕಡಿದ ಪೈನ್ ಮರ, ತೆರಿಗೆ, ಶಾಲೆ ಇದ್ದವು. ಕೇರಿಯ ಜನಸಂಖ್ಯೆ 1980ರಲ್ಲಿ ಸುಮಾರು 22 ಸಾವಿರ, 2020ರ ಗಣತಿಯಲ್ಲಿ 1 ಲಕ್ಷ 74 ಸಾವಿರ. ಪಕ್ಕದ ತಂತ್ರಜ್ಞಾನ ವಲಯ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳಿಗೆಂದು ಉತ್ತರದ ರಾಜ್ಯಗಳಿಂದ ಬಂದ ಬಿಳಿಯರ ಮೇಲೇ ಮೊದಲು ಸಿಟ್ಟಿದ್ದದ್ದು. ಊರಿನ ಇಂಗ್ಲಿಷ್ ಹೆಸರಿನ ನಾಲ್ಕು ಅಕ್ಷರ ಬಿಡಿಸಿ "ಊರು ಬಿಟ್ಟುಬಂದ ಯಾಂಕಿಗಳನ್ನು (ಉತ್ತರದ ರಾಜ್ಯದವರನ್ನು) ಕೂಡಿಹಾಕುವ ಜಾಗ" ಎಂದು ನಗುವುದು ಹಳೆಯ ರೂಢಿ. ಹಾಗಾಗಿ "ನೀವು ಉತ್ತರದವರಾ?" ಎಂಬ ಪ್ರಶ್ನೆ ಓಹಾಯೋದ ಬಿಳಿಯನಿಗೂ ಬರುತ್ತದೆ. ಈಕೆಗೆ ಕೇಳಿಸಿದ್ದು "ಇಂಡಿಯಾದವರಾ?" ಎಂದು.

ತೆರಿಗೆಯದು ನಿಜವಾದ ನೋವು. ತೆರಿಗೆಗೆಂದು ನಡೆದ 2024ರ ಮರುಮೌಲ್ಯಮಾಪನದಲ್ಲಿ, ಕೇರಿ ಇರುವ ವೇಕ್ ಕೌಂಟಿಯ ಮನೆಗಳ ಬೆಲೆ ಸರಾಸರಿ 53 ಶೇಕಡಾ ಏರಿತು. ತೆರಿಗೆ ದರ ಇಳಿಸುತ್ತಾರೆ ನಿಜ. ಆದರೆ ಸರಾಸರಿಗಿಂತ ಹೆಚ್ಚು ಏರಿದ ಮನೆಯವನಿಗೆ ಬಿಲ್ಲು ಏರಿಯೇ ಏರುತ್ತದೆ, ಪಿಂಚಣಿ ಹಾಗೆ ಏರುವುದಿಲ್ಲ. ಇನ್ನೊಂದು, ಹೊರಗಿನವರಿಗೆ ಹೊಳೆಯದ ಸಂಗತಿ, ಡ್ಯೂ ಡಿಲಿಜೆನ್ಸ್ ಹಣ. ಈ ರಾಜ್ಯದಲ್ಲಿ ಕೊಳ್ಳುವವರು ಮನೆ ತಪಾಸಣೆಯ ಅವಧಿಗೆಂದು ಮಾರುವವರ ಕೈಗೇ ಕೊಡುವ ಮೊತ್ತ ಅದು; ಹೆಚ್ಚು ಕೊಟ್ಟವರತ್ತ ಮಾರುವವರು ವಾಲುತ್ತಾರೆ. ವ್ಯವಹಾರ ಕುದುರಿದರೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ, ಕೊಳ್ಳುವವರು ಹಿಂದೆ ಸರಿದರೆ ಸಾಮಾನ್ಯವಾಗಿ ವಾಪಸ್ಸಿಲ್ಲ. ಈ ದಂಪತಿ 2022ರಲ್ಲಿ 40 ಸಾವಿರ ಡಾಲರ್ ಕೊಟ್ಟಿದ್ದರು, ಎಡಿಸನ್ ಮನೆ ಮಾರಿದ ದುಡ್ಡಿನಲ್ಲಿ. ಅದೇ ಬೀದಿಯಲ್ಲಿ ಮನೆ ಹುಡುಕುತ್ತಿದ್ದವರಲ್ಲಿ ಪಕ್ಕದ ಮನೆಯ ಹಿರಿಯರ ಮಗಳೂ ಒಬ್ಬಳು. ಇದು ತಿಳಿದದ್ದು ತಿಂಗಳುಗಳ ಮೇಲೆ. ಅವರು ಬೇಲಿಯಾಚೆಯಿಂದ "ಇಲ್ಲೇ ಇರುತ್ತೀರಾ?" ಎಂದು ಕೇಳಿದ್ದರ ಹಿಂದೆ ಅದಿತ್ತು. ನೋಟ್‌ಬುಕ್ಕಿನ ನಾಲ್ಕನೇ ಕಾಲಂನಲ್ಲಿ ಈಕೆ ಬರೆದಿದ್ದದ್ದು: "ಯಾವಾಗ ತೊಲಗ್ತೀರಿ ಅಂತ."

ಎರಡು ನಮೂದು ಗಂಡ ತಾನೇ ತಂದುಕೊಂಡದ್ದು. ಎರಡಿಂಚು ಹಿಮದ ಮುನ್ಸೂಚನೆಗೆ ಅಂಗಡಿಯ ಬ್ರೆಡ್ಡು, ಹಾಲು ಖಾಲಿಯಾದಾಗ "ನ್ಯೂಜೆರ್ಸಿಯಲ್ಲಿ ಇಷ್ಟಕ್ಕೆ ಶಾಲೆಗೂ ರಜೆ ಕೊಡಲ್ಲ" ಎಂದು ಆ ಹಿರಿಯರೆದುರೇ ನಕ್ಕರು. ಅವರು ಮಾತು ನಿಲ್ಲಿಸಿ ಒಳಹೋದರು. 2005ರ ಜನವರಿಯಲ್ಲಿ ಪಕ್ಕದ ರಾಜಧಾನಿ ರಾಲೀ ಸುತ್ತ ಬಿದ್ದದ್ದು ಒಂದಿಂಚು ಹಿಮ. ತಣ್ಣಗಿದ್ದ ರಸ್ತೆಯ ಮೇಲೆ ಚಕ್ರಗಳಡಿ ಅದು ಮಂಜುಗಡ್ಡೆಯಾಯಿತು; ಕಚೇರಿ, ಶಾಲೆ ಎಲ್ಲ ಒಟ್ಟಿಗೇ ಬಿಟ್ಟದ್ದರಿಂದ ರಸ್ತೆಗಳು ಕಟ್ಟಿಕೊಂಡು ಸಾವಿರಾರು ಮಕ್ಕಳು ರಾತ್ರಿ ಶಾಲೆಯಲ್ಲೇ ಉಳಿದರು. ಆ ಹಿರಿಯರ ಮಗಳೂ ಆ ಮಕ್ಕಳಲ್ಲೊಬ್ಬಳು.

ಉಳಿದ ಒಂದು ಬೇರೆ ಬಗೆಯದು. ಈಜುಕೊಳದಲ್ಲಿ ಒಬ್ಬ ವಯಸ್ಕ ಇವರ ಮಗನಿಗೆ "ನಿಮ್ಮ ದೇಶಕ್ಕೆ ಹೋಗು" ಎಂದಿದ್ದ. ಇದಕ್ಕೆ ಅರ್ಥ ಹುಡುಕಿ ಸಹಿಸಿಕೊಳ್ಳುವ ಅಗತ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳಲಾಯಿತು. ಅದೇ ದಿನ ಗಂಟೆ, ಮಾತು, ಸಾಕ್ಷಿ ಬರೆದಿಡಬೇಕು. ಬಡಾವಣೆಯ ಮನೆಮಾಲೀಕರ ಸಂಘಕ್ಕೆ ಫೋನಲ್ಲ, ಇಮೇಲ್. ಕಿರುಕುಳ ಮುಂದುವರಿದು ಸಂಘ ಕೈಚೆಲ್ಲಿದರೆ 1968ರ ಫೇರ್ ಹೌಸಿಂಗ್ ಕಾಯ್ದೆಯಡಿ ಕೇಂದ್ರ ವಸತಿ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಮಗನಿಗೆ "ಅವನು ಹೇಳಿದ್ದು ತಪ್ಪು, ನಾವು ಬರೆದುಕೊಟ್ಟಿದ್ದೇವೆ" ಎಂದಷ್ಟೇ ಹೇಳುವುದು, ಮನೆಯಲ್ಲಿ ದಿನಾ ಅದೇ ರಾಗ ಬೇಡ.

ಮೂರನೇ ಭೇಟಿಯಲ್ಲಿ ಒಂದು ಪ್ರಶ್ನೆ: ಬಸವನಗುಡಿಯ ನಿಮ್ಮ ಬೀದಿಗೆ ಬಂದ ಹೊಸಬರ ಬಗ್ಗೆ ಮನೆಯಲ್ಲಿ ಏನನ್ನುತ್ತಿದ್ದಿರಿ? ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕುಬಿಟ್ಟರು. ಅಮ್ಮ ಈಗಲೂ ಫೋನಿನಲ್ಲಿ ಅನ್ನುತ್ತಾರಂತೆ: "ವಠಾರ ಒಡೆದು ಅಪಾರ್ಟ್‌ಮೆಂಟ್ ಎದ್ದಿದೆ ಕಣೇ, ಒಬ್ಬರಿಗೂ ಕನ್ನಡ ಬರಲ್ಲ, ಬೋರ್‌ವೆಲ್ ಬೇರೆ ಬತ್ತಿದೆ." ಈ ಪ್ರಶ್ನೆ ಮೊದಲ ದಿನವೇ ಕೇಳಿದ್ದರೆ ತಪ್ಪೆಲ್ಲ ನನ್ನದೇ ಎಂದುಕೊಂಡು ಮತ್ತೆ ಬರುತ್ತಿರಲಿಲ್ಲ. ಆ ಆರು ನಮೂದನ್ನೂ ಈಜುಕೊಳದ ಒಂದನ್ನೂ ಬೇರೆ ಮಾಡಿದ ಮೇಲೆಯೇ ಕೇಳಬೇಕಾದದ್ದು.

ಕೊಟ್ಟ ಸಲಹೆ ಆರು ವಾರದ್ದು. "ನ್ಯೂಜೆರ್ಸಿಯಲ್ಲಿ" ಎಂದು ಶುರುವಾಗುವ ವಾಕ್ಯ ಪೂರ್ತಿ ಬಂದ್, ಅದರ ಜಾಗದಲ್ಲಿ "ಇಲ್ಲಿ ಮೊದಲು ಏನಿತ್ತು?" ಹಗಲಲ್ಲೇ, ಸಂಜೆ ಐದೂವರೆಗೆ, ಅಂಚೆ ಡಬ್ಬಿ. ಮೊದಲ ಎರಡು ನಿಮಿಷ ಹವಾಮಾನ. ನೇರ ವಿಷಯಕ್ಕೆ ಬರುವುದು ದಕ್ಷಿಣದಲ್ಲಿ ಒರಟುತನ. "ಯಾವ ಚರ್ಚಿಗೆ ಹೋಗ್ತೀರಿ?" ಎಂದರೆ ಹೆಚ್ಚಿನ ಸಲ ಅದು ನಮ್ಮ "ಯಾವೂರಾಯ್ತು?" ಇದ್ದಂತೆ, "ಮಾರಿಸ್‌ವಿಲ್ ದೇವಸ್ಥಾನಕ್ಕೆ, ನೀವು?" ಸಾಕು. ಊಟಕ್ಕೆ ಕರೆದರೆ ಸಸ್ಯಾಹಾರಿಗಳೆಂದು ಮುಂಚೆಯೇ ಹೇಳಬೇಕು, ಏಕೆಂದರೆ ಕಾಲರ್ಡ್ ಸೊಪ್ಪನ್ನೂ ಹಂದಿಮಾಂಸದ ಜೊತೆ ಬೇಯಿಸುವುದು ಅಲ್ಲಿಯ ವಾಡಿಕೆ.

ಮೊದಲ ಪ್ರಯತ್ನ ಕೆಟ್ಟಿತು. ಗಂಡ ಜಾಮೂನಿನ ಡಬ್ಬಿ ಹಿಡಿದು ಹೋಗಿ, ತೆರಿಗೆಗೆ ಕಟ್ಟಿದ ಮನೆಬೆಲೆಯ ವಿರುದ್ಧ ಮೇಲ್ಮನವಿ ಹಾಕುವುದು ಹೇಗೆಂದು ಆ ಹಿರಿಯರಿಗೇ ಇಪ್ಪತ್ತು ನಿಮಿಷ ಪಾಠ ಮಾಡಿ ಬಂದರು. ಎರಡನೆಯದು ಈಕೆಯದು, ಆಗಸ್ಟಿನಲ್ಲಿ ಹಸಿ ಕಡಲೆಕಾಯಿ ಮಾರುಕಟ್ಟೆಗೆ ಬಂದಾಗ. ಬೇಯಿಸಿದ ಕಡಲೆಕಾಯಿ ಕೆರೊಲಿನಾದವರಿಗೂ ಪ್ರಾಣ. ಕುಕ್ಕರಿನಲ್ಲಿ ಬೇಯಿಸಿ, ಬಟ್ಟಲಲ್ಲಿ ಬಿಸಿಬಿಸಿ ಕೊಟ್ಟು, ಎರಡೇ ಮಾತಾಡಿ ವಾಪಸ್ ಬಂದರು. ಮರುದಿನ ಬಟ್ಟಲು ತೊಳೆದು ತಂದುಕೊಟ್ಟ ಹಿರಿಯರು ಹೇಳಿದ್ದು: ಉಪ್ಪು ಸಾಲದು ಮ್ಯಾಮ್, ಮತ್ತೆ ನೀವು ಬೇಯಿಸಿದ್ದು ಏನೇನೂ ಸಾಲದು, ಎರಡು ಗಂಟೆಯಾದರೂ ಬೇಯಬೇಕು.