ಪಕ್ಕದ ಮನೆಯ ಅಪ್ಪ

ಪ್ರಶಾಂತ್, ಅಮೆರಿಕದ ಅಟ್ಲಾಂಟಾಗೆ ಈಗಷ್ಟೇ ಬಂದಿದ್ದೀರಿ, ಮನೆಯವರಿಗೆ ಏಳು ತಿಂಗಳು, ಬಾಣಂತನಕ್ಕೆ ಅತ್ತೆ ಬರುವುದು ಇನ್ನೂ ಗೊತ್ತಾಗಿಲ್ಲ. ಅದರ ಜೊತೆಗೆ ಇನ್ನೊಂದು ಕೇಳಿದ್ದೀರಿ: ‘ಪಕ್ಕದ ಮನೆಯ ಕಪ್ಪು ಹುಡುಗ ದಿನಾ ಕೂಸನ್ನು ಎದೆಗೆ ಕಟ್ಟಿಕೊಂಡು ಓಡಾಡುತ್ತಾನೆ. ಇವರಲ್ಲಿ ಅಪ್ಪಂದಿರು ಮಕ್ಕಳನ್ನು ಬಿಟ್ಟುಹೋಗುತ್ತಾರೆ ಅಂತ ಕೇಳಿದ್ದೆನಲ್ಲ?’

ಕೇಳಿದ್ದು ಎಲ್ಲಿ? ನಮ್ಮವರ ಮನೆಗಳ ಊಟದ ಮಾತಿನಲ್ಲೇ ಇರಬೇಕು. ಇಲ್ಲಿನ ಕಪ್ಪು ಜನರಲ್ಲಿ ನೂರಕ್ಕೆ ಸುಮಾರು 70 ಮಕ್ಕಳು ಮದುವೆಯಾಗದ ತಂದೆತಾಯಿಗೆ ಹುಟ್ಟುತ್ತವೆ, ಅದು ನಿಜ. ಮದುವೆ ಇಲ್ಲ ಅಂದಮಾತ್ರಕ್ಕೆ ಅಪ್ಪನೂ ಇಲ್ಲ ಅಂತ ನಮ್ಮವರು ಸುಮ್ನೆ ಸೇರಿಸಿಬಿಡುತ್ತಾರೆ. ಎಷ್ಟೋ ಜೋಡಿಗಳು ಒಂದೇ ಮನೆಯಲ್ಲಿರುತ್ತವೆ. ಬೇರೆ ಮನೆಯಲ್ಲಿದ್ದೂ ದಿನಾ ಬಂದು ಹೋಗುವ ಅಪ್ಪಂದಿರೂ ಇದ್ದಾರೆ.

ಇಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 2013ರಲ್ಲಿ ಒಂದು ವರದಿ ತಂದಿತು. ಐದು ವರ್ಷದೊಳಗಿನ ಮಕ್ಕಳ ಜೊತೆ ಒಂದೇ ಮನೆಯಲ್ಲಿರುವ ಅಪ್ಪಂದಿರಲ್ಲಿ, ದಿನಾ ಸ್ನಾನ, ಡೈಪರ್, ಬಟ್ಟೆ ನೋಡಿಕೊಳ್ಳುವವರು ಕಪ್ಪು ಜನರಲ್ಲಿ ನೂರಕ್ಕೆ 70, ಬಿಳಿಯರಲ್ಲಿ 60. ಬೇರೆ ಮನೆಯಲ್ಲಿರುವ ಅಪ್ಪಂದಿರ ಲೆಕ್ಕ ಬೇರೆ, ಅಲ್ಲಿ ದಿನಾ ಮಾಡುವವರು ಎಲ್ಲ ಜನರಲ್ಲೂ ಕಡಿಮೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಪ್ಪು ಹುಡುಗನೊಬ್ಬನ ಮನೆಗೆ ಕೂಸು ನೋಡಲು ಹೋಗಿದ್ದೆವು. ಸ್ನಾನ ಮಾಡಿಸಿದ್ದೇ ಅವನು. ಶಿಯಾ ಬೆಣ್ಣೆಯನ್ನು (ಆಫ್ರಿಕಾದ ಒಂದು ಮರದ ಬೀಜದಿಂದ ತೆಗೆದ ಕೊಬ್ಬು) ಅಂಗೈಯಲ್ಲಿ ಉಜ್ಜಿ ಕರಗಿಸಿ, ತೊಡೆಯ ಮಡಿಕೆ, ಕತ್ತಿನ ಸಂದು, ಕಿವಿಯ ಹಿಂದೆ, ಒಂದೂ ಬಿಡದೆ ಹಚ್ಚಿದ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಮ್ಮಲ್ಲಿ ಆ ಕೆಲಸ ಅಜ್ಜಿಯದು, ಗಂಡಸರು ಫೋಟೋ ತೆಗೆಯುವವರು, ಅಲ್ವಾ?

ಅತ್ತೆ ಬಂದರೂ ಬರದಿದ್ದರೂ ನೀವು ರಜೆ ಕೇಳಿ. ಎಫ್‌ಎಂಎಲ್‌ಎ ಅನ್ನುವ 1993ರ ಕಾನೂನಿನಲ್ಲಿ ಅಪ್ಪನಿಗೂ 12 ವಾರ ರಜೆ ಇದೆ, ಸಂಬಳ ಮಾತ್ರ ಇಲ್ಲ. ಆದರೆ ಆ ಕಂಪನಿಯಲ್ಲಿ ಒಂದು ವರ್ಷ, 1,250 ಗಂಟೆ ಕೆಲಸ ಆಗಿರಬೇಕು, ಆ ಕಂಪನಿಗೆ ಸುತ್ತಮುತ್ತ ಕನಿಷ್ಠ 50 ಜನ ನೌಕರರಿರಬೇಕು. ನಿಮಗಿನ್ನೂ ವರ್ಷ ಆಗಿಲ್ಲ, ಹಾಗಾಗಿ ಕಂಪನಿಯೇ ಕೊಡುವ ರಜೆ ಏನಿದೆ ಅಂತ ಎಚ್‌ಆರ್‌ನಲ್ಲಿ ಈ ವಾರವೇ ವಿಚಾರಿಸಿ.

ಕಾರ್ ಸೀಟ್ ಕೂರಿಸುವುದು, ಕೂಸಿಗೆ ತೇಗು ಬರಿಸುವುದು, ರಾತ್ರಿ ಪಾಳಿ ಹಂಚಿಕೊಳ್ಳುವುದನ್ನು ಪಕ್ಕದ ಮನೆಯವನನ್ನೇ ಕೇಳಿ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಅವನ ಹೆಂಡತಿಯ ಪರಿಚಯವೂ ಆಗಲಿ.