ಚಳಿಗಾಲದ ಕೈಯಲ್ಲೊಂದು ಮೊಲ

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಚೆಡ್‌ವರ್ತ್‌ನಲ್ಲಿರುವ ರೋಮನ್ ಕಾಲದ ಹಳ್ಳಿಮನೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ ಬಂದಿವೆ. ಹೊಸ ಓದುಗರಿಗಾಗಿ ನನ್ನ ಪರಿಚಯ ಒಂದೇ ಮಾತಲ್ಲಿ: ಉತ್ಖನನ ನಡೆಯುವ ಜಾಗಗಳಲ್ಲಿ ಕೂತು ಕಲ್ಲು ಕಲ್ಲಿಗೂ ಅಳತೆ ಹಿಡಿದು ನಕ್ಷೆ ಬರೆಯುವುದೇ 31 ವರ್ಷ ನನ್ನ ಕೆಲಸವಾಗಿತ್ತು. ಈಗ ಮಗಳು ಚೆಲ್ಟನಮ್‌ನಲ್ಲಿದ್ದಾಳೆ. ಅವಳ ಮನೆಯಿಂದ ಚೆಡ್‌ವರ್ತ್ ಹತ್ತಿರ. ಎರಡು ಸಲ ಹೋಗಿ ಬಂದಿದ್ದೇನೆ.

ಪ್ರಶ್ನೆ: ಮಗ ಬ್ರಿಸ್ಟಲ್‌ನಲ್ಲಿ ಓದುತ್ತಿದ್ದಾನೆ. ಹೋದ ವರ್ಷ ನಮ್ಮನ್ನು ಚೆಡ್‌ವರ್ತ್‌ಗೆ ಕರೆದುಕೊಂಡು ಹೋಗಿದ್ದ. ಮಂಡಿಯೆತ್ತರದ ಗೋಡೆ, ಅದರ ಮೇಲೆ ಪುಟ್ಟ ಪುಟ್ಟ ಮಾಡು. ಬೇಲೂರು, ಹಳೇಬೀಡು ನೋಡಿದ ಕಣ್ಣಿಗೆ ಅಂಥದ್ದೇನೂ ಕಾಣಲಿಲ್ಲ. ಅಲ್ಲಿ ನಿಜಕ್ಕೂ ನೋಡಬೇಕಾದದ್ದು ಏನು ಮೇಡಂ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಗುಡಿ ನೋಡುವಾಗ ಕಣ್ಣು ಮೇಲೆ ಹೋಗುತ್ತದೆ. ಇಲ್ಲಿ ಕಣ್ಣು ಕೆಳಗಿರಬೇಕು. ಇಲ್ಲಿ ಉಳಿದಿರುವುದೆಲ್ಲ ನೆಲ.

ಮೊದಲು ಆ ಪುಟ್ಟ ಮಾಡಿನ ವಿಷಯ. ಅದು ರೋಮನ್ನರದ್ದಲ್ಲ. 1864ರಲ್ಲಿ ಜೇಮ್ಸ್ ಫಾರರ್ ಎಂಬವರು ಈ ಜಾಗ ಅಗೆಸಿದರು. ಅಗೆದ ಗೋಡೆಗಳಿಗೆ ಮಳೆ ನೀರು ಇಳಿಯಬಾರದು ಅಂತ ಆ ಕಾಲದಲ್ಲೇ ಹೊದಿಸಿದ ಕಲ್ಲುಹಂಚು ಅದು. ಕಾಳಜಿಯಿಂದ ಮಾಡಿದ್ದು, ನಿಜ. ಆದರೆ ಅಗೆಯುವಾಗ ಮೇಲಿನ ಮಣ್ಣಿನ ಪದರಗಳನ್ನು ಬರೆದಿಡದೆ ಎತ್ತಿ ಹಾಕಿಬಿಟ್ಟರು. ಮನೆಯ ಕೊನೆಯ ದಿನಗಳ ಕತೆ ಇದ್ದದ್ದೇ ಆ ಪದರಗಳಲ್ಲಿ. ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ನೋಡಬೇಕಾದದ್ದು. ಪಶ್ಚಿಮದ ಕೋಣೆಗಳ ಸಾಲಿನಲ್ಲಿ ಊಟದ ಕೋಣೆಯಿದೆ. 2012ರಿಂದ ಅದಕ್ಕೆ ಹೊಸ ಕಟ್ಟಡದ ನೆರಳಿದೆ. ಎತ್ತರದ ಕಾಲುದಾರಿಯಲ್ಲಿ ನಿಂತು ನೆಲ ನೋಡಬಹುದು. ಅದು ಮೊಸಾಯಿಕ್ ನೆಲ, ಅಂದರೆ ಬಣ್ಣ ಬಣ್ಣದ ಪುಟ್ಟ ಚೂರುಗಳನ್ನು ಜೋಡಿಸಿ ಚಿತ್ರ ಮಾಡಿದ ನೆಲ. ಅದರ ಮೂಲೆಗಳಲ್ಲಿ ನಾಲ್ಕು ಋತುಗಳ ಚಿತ್ರಗಳಿದ್ದವು. ಮೂರು ಉಳಿದಿವೆ. ಅವುಗಳಲ್ಲಿ ಚಳಿಗಾಲದ ಚಿತ್ರದ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೆ. ಟೋಪಿ ಇರುವ ದಪ್ಪ ಮೇಲಂಗಿ ಹೊದ್ದ ಒಬ್ಬ ಮನುಷ್ಯ. ಒಂದು ಕೈಯಲ್ಲಿ ಬೇಟೆಯಾಡಿದ ಮೊಲ, ಇನ್ನೊಂದು ಕೈಯಲ್ಲಿ ಎಲೆಯಿಲ್ಲದ ಕೊಂಬೆ. ನಮ್ಮ ಮಲೆನಾಡಿನವರು ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಾರಲ್ಲ, ಹಾಗೇ ಕಾಣುತ್ತಾನೆ. ರೋಮಿನ ದೇವತೆಗಳ ನಡುವೆ ಬ್ರಿಟನ್ನಿನ ಚಳಿ ತಿಂದ ಮನುಷ್ಯ. ಅದನ್ನು ಜೋಡಿಸಿದ ಕೈಗೆ ಆ ಊರಿನ ಹವೆ ಚೆನ್ನಾಗಿ ಗೊತ್ತಿತ್ತು.

ಆ ನೆಲದ ಬಿಳಿ ಚೂರು ಸುಣ್ಣಕಲ್ಲು. ಕೆಂಪು ಚೂರು ಹಂಚು, ಇಟ್ಟಿಗೆಯದ್ದು. ಬಣ್ಣ ಬಳಿದದ್ದಲ್ಲ, ಚೂರುಗಳ ಸ್ವಂತ ಬಣ್ಣವೇ. ಅದಕ್ಕೇ ಇಂದಿಗೂ ಮಾಸಿಲ್ಲ.

ನೆಲ ನೋಡಿ ಆದ ಮೇಲೆ ಅದರ ಅಡಿ ನೋಡಿ. ಉತ್ತರದ ಸಾಲಿನಲ್ಲಿ ಗಿಡ್ಡ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಅವುಗಳ ಮೇಲೆ ನೆಲ ಹಾಸಿರುತ್ತಿತ್ತು. ಹೊರಗಿನಿಂದ ಬೆಂಕಿ ಹಾಕಿದರೆ ಬಿಸಿಗಾಳಿ ಕಂಬಗಳ ನಡುವೆ ಹಾದು, ಗೋಡೆಯೊಳಗಿನ ಟೊಳ್ಳು ಕೊಳವೆಗಳಲ್ಲಿ ಮೇಲೇರುತ್ತಿತ್ತು. ಬಚ್ಚಲೊಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೆ ಬೆಚ್ಚಗೆ ಕೂರುವವರು ಒಬ್ಬರು, ಹೊರಗೆ ಹೊಗೆಯಲ್ಲಿ ಕೂತು ಸೌದೆ ಒಡ್ಡುವವರು ಇನ್ನೊಬ್ಬರು. ಆ ಒಲೆಬಾಯಿಯ ಮುಂದೆ ಐದು ನಿಮಿಷ ನಿಲ್ಲಿ ಅಂತ ಎಲ್ಲರಿಗೂ ಹೇಳುತ್ತೇನೆ. ಜನ ಸುಮ್ನೆ ದಾಟಿ ಹೋಗುವ ಜಾಗ ಅದು. ಈ ಮನೆಯ ದುಡಿಮೆಯೆಲ್ಲ ಕೂತಿದ್ದೇ ಅಲ್ಲಿ.

ಹಾಗೇ ವಾಯವ್ಯ ಮೂಲೆಗೆ ಹೋಗಿ. ಎಂಟು ಮೂಲೆಯ ಒಂದು ಕೊಳಕ್ಕೆ ಬುಗ್ಗೆಯ ನೀರು ಇವತ್ತಿಗೂ ಬಂದು ಬೀಳುತ್ತಿದೆ. ಎರಡೆರಡು ಸ್ನಾನದ ಮನೆ ಕಟ್ಟಿಸಿಕೊಂಡವರಿಗೆ ಬೇಕಾದದ್ದು ಇದೇ ನೀರು ಅಲ್ವಾ?

ಪ್ರಶ್ನೆ: ನಾನು ಏಳನೇ ಕ್ಲಾಸು. ಅಷ್ಟು ದೊಡ್ಡ ಮನೆ ಮಣ್ಣಿನ ಕೆಳಗೆ ಹೋಗಿದ್ದು ಹೇಗೆ? ಯಾರು ಮಣ್ಣು ಹಾಕಿದರು?
— ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಪುಟ್ಟಿ, ಈ ತಿಂಗಳ ಎಲ್ಲ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ನಿನ್ನದು. ಇದೇ ಪ್ರಶ್ನೆಯನ್ನು ಚಾರ್ಲ್ಸ್ ಡಾರ್ವಿನ್ ಕೂಡ ಕೇಳಿದ್ದರು. ಅದೂ ಇದೇ ಚೆಡ್‌ವರ್ತ್ ಬಗ್ಗೆ!

ಮನೆ ಬಿಟ್ಟ ಮೇಲೆ ಮಾಡು ಕುಸಿಯಿತು. ಗೋಡೆಯ ಕಲ್ಲು ಬಿದ್ದವು. ಇನ್ನು ಕೆಲವು ಕಲ್ಲುಗಳನ್ನು ಜನ ಹೊತ್ತುಕೊಂಡು ಹೋದರು. ಈ ಮನೆ ಇರುವುದು ಗುಡ್ಡದ ಬುಡದಲ್ಲಿ. ಆದ್ದರಿಂದ ಮಳೆಗೆ ಮೇಲಿನ ಮಣ್ಣು ಹರಿದು ಬಂದು ಕೂತಿತು. ಎಲೆ ಉದುರಿ ಕೊಳೆಯಿತು. ಮರ ಬೆಳೆದು ಕಾಡಾಯಿತು. ಇದು ಅರ್ಧ ಉತ್ತರ.

ಇನ್ನರ್ಧ ಎರೆಹುಳು. ನಿಮ್ಮ ತೋಟದಲ್ಲಿ ಮಳೆ ನಿಂತ ಮಾರನೇ ದಿನ ಬೆಳಗ್ಗೆ ನೋಡು. ನೆಲದ ಮೇಲೆ ಸಣ್ಣ ಸಣ್ಣ ಮಣ್ಣಿನ ಸುರುಳಿಗಳು ಇರುತ್ತವೆ. ಅದು ಎರೆಹುಳುವಿನ ಹಿಕ್ಕೆ. ಹುಳು ಕೆಳಗಿನ ಮಣ್ಣು ತಿಂದು ಮೇಲೆ ತಂದು ಹಾಕುತ್ತದೆ. ದಿನವೂ ಚೂರು ಚೂರು. ಕೆಳಗೆ ಬಿಲಗಳು ಕುಸಿಯುತ್ತವೆ, ಮೇಲೆ ಮಣ್ಣು ಏರುತ್ತದೆ. ನೆಲದ ಮೇಲಿದ್ದ ಕಲ್ಲು ತಾನಾಗಿ ಕೆಳಗೆ ಇಳಿಯುತ್ತಾ ಹೋಗುತ್ತದೆ. ಚೆಡ್‌ವರ್ತ್‌ನಲ್ಲಿ ಎರೆಹುಳು ಎಷ್ಟು ಕೆಲಸ ಮಾಡಿದೆ ಎಂದು ನೋಡಿ ಬರಲು ಡಾರ್ವಿನ್ನರ ಮಕ್ಕಳಾದ ಫ್ರಾನ್ಸಿಸ್ ಮತ್ತು ಹೊರೇಸ್ 1877ರ ನವೆಂಬರ್‌ನಲ್ಲಿ ಅಲ್ಲಿಗೆ ಹೋಗಿದ್ದರು. ಅವರು ಕಂಡದ್ದೆಲ್ಲ 1881ರಲ್ಲಿ ಬಂದ ಡಾರ್ವಿನ್ನರ ಎರೆಹುಳು ಪುಸ್ತಕದಲ್ಲಿದೆ. ಮುಂದಿನ ವರ್ಷವೇ ಡಾರ್ವಿನ್ ತೀರಿಕೊಂಡರು. ಕೊನೆಗಾಲದಲ್ಲೂ ಅಂಥ ದೊಡ್ಡ ಮನುಷ್ಯ ಹುಳುವಿನ ಹಿಕ್ಕೆ ತೂಗುತ್ತಾ ಕೂತಿದ್ದರು ಅಂದರೆ ನನಗೆ ಬಹಳ ಗೌರವ.

ಆ ಕಾಡಿನಲ್ಲಿ ಮನೆ ಇದೆ ಅಂತ ಗೊತ್ತಾದದ್ದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಮೊಲ ಹಿಡಿಯಲು ನೆಲ ಅಗೆಯುತ್ತಿದ್ದ ಕಾವಲುಗಾರನೊಬ್ಬನಿಗೆ ಅವಶೇಷ ಸಿಕ್ಕಿತಂತೆ. ಡಾರ್ವಿನ್ನರೂ ಹಾಗೇ ಬರೆದಿದ್ದಾರೆ.

ನೀನೊಂದು ಕೆಲಸ ಮಾಡು. ಹಿತ್ತಿಲಲ್ಲಿ ಒಂದು ಚಪ್ಪಟೆ ಕಲ್ಲು ಇಟ್ಟು, ಅದು ನೆಲದಿಂದ ಎಷ್ಟು ಎತ್ತರ ಇದೆ ಅಂತ ಸ್ಕೇಲಿನಲ್ಲಿ ಅಳೆದು ಬರೆದಿಡು. ಪ್ರತಿ ವರ್ಷ ಯುಗಾದಿಗೆ ಮತ್ತೆ ಅಳೆ. ನನಗೂ ಬರೆದು ತಿಳಿಸು.

ಪ್ರಶ್ನೆ: ಕ್ರಿ.ಶ. 410ರ ಹೊತ್ತಿಗೆ ಬ್ರಿಟನ್ನಿನಲ್ಲಿ ರೋಮನ್ ಆಡಳಿತ ಮುಗಿಯಿತು ಅಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ನೀವು ಅದಾದ ಮೇಲೂ ಚೆಡ್‌ವರ್ತ್‌ನಲ್ಲಿ ಮೊಸಾಯಿಕ್ ಹಾಕಿದ್ದರು ಅಂತ ಬರೆದಿದ್ದೀರಿ. ನೆಲಕ್ಕೆ ತಾರೀಖು ಹೇಗೆ ಹಾಕುತ್ತೀರಿ?
— ಇತಿಹಾಸ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಸಾರ್, ಇದಕ್ಕೆ ನನ್ನ ಮೊದಲ ವರ್ಷದ ಒಂದು ದಿನ ಹೇಳಬೇಕು. ತುಂಗಭದ್ರೆಯ ದಡದಲ್ಲಿ ಒಂದು ಅಗೆತ. ಒಂದು ಗೋಡೆ, ಅದಕ್ಕೆ ಅಂಟಿಕೊಂಡ ಗಾರೆ ನೆಲ. ಎರಡನ್ನೂ ಒಟ್ಟಿಗೆ ಕಟ್ಟಿದ್ದು ಅಂದುಕೊಂಡು ಒಂದೇ ಶಾಯಿಯಲ್ಲಿ ಬರೆದುಬಿಟ್ಟೆ. ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಕರಣೆಯ ತುದಿಯಿಂದ ಗೋಡೆ ಮತ್ತು ನೆಲ ಸೇರುವ ಜಾಗವನ್ನು ಮೆಲ್ಲಗೆ ಕೆರೆದರು. "ಸಂದಿ ನೋಡಮ್ಮ" ಅಂದರು. ಗೋಡೆ ಕೆಳಗೆ ಇಳಿದಿತ್ತು. ನೆಲ ಗೋಡೆಯವರೆಗೆ ಬಂದು ಅದಕ್ಕೆ ತಾಗಿ ನಿಂತಿತ್ತು. ನಮ್ಮ ಮನೆಗಳಲ್ಲೂ ಹಾಗೇ ತಾನೆ? ಗೋಡೆ ಎದ್ದ ಮೇಲೆ ರೆಡ್ ಆಕ್ಸೈಡ್ ನೆಲ ಹಾಕುತ್ತಾರೆ. ಅಂದರೆ ನೆಲ ಆಮೇಲಿನದು. ಆ ಹಾಳೆ ಹರಿದು ಹೊಸದು ಬರೆದೆ. ಆಮೇಲೆ 31 ವರ್ಷ ಸಂದಿ ನೋಡದೆ ಒಂದು ಗೆರೆ ಎಳೆಯಲಿಲ್ಲ.

ಚೆಡ್‌ವರ್ತ್‌ನಲ್ಲೂ ಆದದ್ದು ಇದೇ. ಉತ್ತರದ ಸಾಲಿನಲ್ಲಿ 28ನೇ ಸಂಖ್ಯೆಯ ಕೋಣೆ ಇದೆ. ದೊಡ್ಡ ಜಾಗದ ನಡುವೆ ಒಂದು ಗೋಡೆ ಹಾಕಿ ಮಾಡಿದ ಕೋಣೆ. 2017ರಲ್ಲಿ, ಈ ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರು ಅಲ್ಲಿ ಅಗೆದಾಗ, ಆ ಗೋಡೆಯ ಪಾಯದ ಗುಂಡಿಯಲ್ಲಿ ಇದ್ದಿಲು, ಮೂಳೆ ಸಿಕ್ಕಿತು. ಅವುಗಳ ವಯಸ್ಸು ತಿಳಿಯಲು ಇಂಗಾಲದ ಪರೀಕ್ಷೆ ಮಾಡಿದಾಗ ಗೋಡೆ ಕ್ರಿ.ಶ. 424ಕ್ಕಿಂತ ಮುಂಚೆ ಆಗಿರಲು ಸಾಧ್ಯವಿಲ್ಲ ಅಂತ ಬಂತು. ಮೊಸಾಯಿಕ್ ಆ ಗೋಡೆಯ ಅಂಚಿನವರೆಗೆ ಬಂದು ನಿಂತಿದೆ. ಅಂದರೆ ಅದು ಇನ್ನೂ ಆಮೇಲಿನದು, ಐದನೇ ಶತಮಾನದ ನಡುವಿನದು. ಟ್ರಸ್ಟ್‌ನ ಪುರಾತತ್ವಜ್ಞ ಮಾರ್ಟಿನ್ ಪ್ಯಾಪ್‌ವರ್ತ್ ಅವರ ಈ ಕೆಲಸ 2020ರ ಡಿಸೆಂಬರ್‌ನಲ್ಲಿ ಹೊರಗೆ ಬಂತು.

ಇದು ಯಾಕೆ ದೊಡ್ಡ ಸಂಗತಿ ಅಂದರೆ, ಐದನೇ ಶತಮಾನದ ಶುರುವಿನಲ್ಲೇ ಬ್ರಿಟನ್ನಿಗೆ ಹೊಸ ನಾಣ್ಯ ಬರುವುದು ಹೆಚ್ಚುಕಡಿಮೆ ನಿಂತಿತ್ತು. ದೊಡ್ಡ ಮಟ್ಟದ ಕುಂಬಾರಿಕೆಯೂ ಕುಸಿಯಿತು. ನಾವು ಕಾಲ ಹೇಳುವುದೇ ನಾಣ್ಯ, ಮಡಕೆ ಚೂರು ನೋಡಿ. ಅವೆರಡೂ ಇಲ್ಲದ ಕಾಲ ಖಾಲಿಯಾಗಿ ಕಾಣುತ್ತದೆ. ಪಟ್ಟಣಗಳು ಸೊರಗಿದವು, ದೊಡ್ಡ ಮನೆಗಳನ್ನು ಬಿಟ್ಟು ಜನ ಹೊರಟುಹೋದರು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಇಲ್ಲಿ ನೋಡಿದರೆ ಒಂದು ಮನೆಯವರು ಹೊಸ ಕೋಣೆ ಮಾಡಿಸಿ ಹೊಸ ನೆಲ ಹಾಕಿಸಿದ್ದಾರೆ.

ಆ ನೆಲದಲ್ಲಿ ಜಡೆ ಹೆಣೆದ ಹಾಗೆ ಪಟ್ಟಿಗಳಿವೆ. ಕೆಲಸ ನಾಲ್ಕನೇ ಶತಮಾನದ ನೆಲಗಳಷ್ಟು ನಯವಾಗಿಲ್ಲ, ತಪ್ಪುಗಳಿವೆ. ಕಸುಬು ಕಲಿಸುವವರು ಕಡಿಮೆಯಾಗಿದ್ದರು ಅಂತ ತಜ್ಞರು ಹೇಳುತ್ತಾರೆ. ಆ ತಪ್ಪುಗಳನ್ನು ನೋಡಿದರೆ ನನಗೆ ಕರುಳು ಚುರ್ ಅನ್ನುತ್ತದೆ. ಕೈಗೆ ಪೂರ್ತಿ ಬಾರದ ಕೆಲಸವನ್ನು ಯಾರೋ ಮೊಣಕಾಲೂರಿ, ಚೂರು ಚೂರಾಗಿ ಜೋಡಿಸಿ ಮುಗಿಸಿದ್ದಾರೆ. ಮಕ್ಕಳಿಗೆ 410 ಹೇಳಿಕೊಡಿ ಸಾರ್. ಜೊತೆಗೆ ಈ ಕೋಣೆಯ ಕತೆಯನ್ನೂ ಹೇಳಿ.

ಪ್ರಶ್ನೆ: ಅಲ್ಲಿ ಇದ್ದವರು ರೋಮ್‌ನಿಂದ ಬಂದವರೇ? ಬಡವರ ಮನೆಗಳು ಎಲ್ಲಿ?
— ಓದುಗರು, ಮಂಡ್ಯ

ಉತ್ತರ: ಬ್ರಿಟನ್ನಿಗೆ ರೋಮನ್ ಸೇನೆ ಬಂದದ್ದು ಕ್ರಿ.ಶ. 43ರಲ್ಲಿ. ಚೆಡ್‌ವರ್ತ್‌ನಂಥ ಮನೆ ಭರ್ಜರಿಯಾಗಿ ಬೆಳೆದದ್ದು ನಾಲ್ಕನೇ ಶತಮಾನದಲ್ಲಿ. ನಡುವೆ ಹತ್ತು ತಲೆಮಾರು ಕಳೆದಿದೆ. ಇಂಥ ಮನೆಗಳ ಒಡೆಯರಲ್ಲಿ ಬಹಳ ಮಂದಿ ರೋಮನ್ ರೀತಿ ಕಲಿತ ಅಲ್ಲಿನ ಜಮೀನುದಾರರೇ. ಹತ್ತಿರದಲ್ಲೇ ಈಗಿನ ಸೈರನ್ಸೆಸ್ಟರ್ ಇತ್ತು, ಆಗಿನ ಹೆಸರು ಕಾರಿನಿಯಂ. ಫಾಸ್ ವೇ ಎಂಬ ಹೆದ್ದಾರಿಯೂ ಹತ್ತಿರ.

ಆದರೆ ಹಳ್ಳಿಗಾಡಿನ ಜನರಲ್ಲಿ ಇಂಥ ಮನೆ ಇದ್ದವರು ಬೆರಳೆಣಿಕೆ. ಉಳಿದವರ ಬದುಕು ನೋಡಬೇಕೆಂದರೆ ಕಾರ್ನ್‌ವಾಲ್‌ಗೆ ಹೋಗಿ. ಪೆನ್ಜಾನ್ಸ್ ಊರಿನ ಹತ್ತಿರ ಗುಡ್ಡದ ಮೇಲೆ ಚೈಸಾಸ್ಟರ್ ಎಂಬ ಹಳ್ಳಿಯ ಅವಶೇಷವಿದೆ. ಎಂಟು ಹತ್ತು ಮನೆ, ನಡುವೆ ಒಂದು ಬೀದಿ. ಪ್ರತಿ ಮನೆಯ ಮಧ್ಯೆ ಅಂಗಳ, ಸುತ್ತ ಕೋಣೆಗಳು. ನಮ್ಮ ತೊಟ್ಟಿಮನೆ ನೆನಪಾಗುತ್ತದೆ, ಆದರೆ ಗೋಡೆಗಳು ಗುಂಡಗೆ, ದಪ್ಪಕ್ಕೆ. ದೊಡ್ಡ ಗುಂಡು ಕೋಣೆಯ ನೆಲದಲ್ಲಿ ಗುಳಿ ಇರುವ ಒಂದು ಕಲ್ಲಿದೆ. ಹುಲ್ಲಿನ ಮಾಡು ಹೊತ್ತ ಕಂಬ ಅದರಲ್ಲಿ ಕೂತಿತ್ತು. ಬೀಸುವ ಕಲ್ಲು ಇದೆ, ಕಲ್ಲು ಮುಚ್ಚಿದ ಚರಂಡಿ ಇದೆ. ಮೊಸಾಯಿಕ್ ಇಲ್ಲ. ಅವರೂ ರೋಮನ್ ಆಡಳಿತದ ಪ್ರಜೆಗಳೇ, ಎರಡು, ಮೂರನೇ ಶತಮಾನದವರು. ನನಗೆ ಕೇಳಿದರೆ ಆ ಗುಳಿಕಲ್ಲು ಚೆಡ್‌ವರ್ತ್‌ನ ಊಟದ ಕೋಣೆಗೆ ಯಾವುದರಲ್ಲೂ ಕಡಿಮೆಯಲ್ಲ.

ಪ್ರಶ್ನೆ: ಇದಕ್ಕೂ ನಮಗೂ ಏನಾದರೂ ಸಂಬಂಧ ಇದೆಯೇ?
— ಓದುಗರು, ಚಳ್ಳಕೆರೆ

ಉತ್ತರ: ನಿಮ್ಮ ಊರಿನ ಆಸುಪಾಸಿನಲ್ಲೇ ಇದೆ! ಬ್ರಿಟನ್ನಿನ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ತಮ್ಮ ಹೆಂಡತಿ ಟೆಸ್ಸಾ ಜೊತೆ 1928-29ರಲ್ಲಿ ಲಿಡ್ನಿ ಎಂಬಲ್ಲಿ ರೋಮನ್ ಕಾಲದ ದೇವಸ್ಥಾನ ಅಗೆದರು. ಅದು ಚೆಡ್‌ವರ್ತ್ ಇರುವ ಗ್ಲಾಸ್ಟರ್‌ಶೈರ್‌ನಲ್ಲೇ ಇದೆ. ಅದೇ ವೀಲರ್ ಮುಂದೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದು, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದರು. ಪದರ ಪದರವಾಗಿ ಮಣ್ಣು ಓದುವ ಅದೇ ಕ್ರಮ. ಮಯೂರಶರ್ಮನ ಶಾಸನ ಇರುವ ಆ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಬನ್ನಿ.

ಪ್ರಶ್ನೆ: ಚೆಡ್‌ವರ್ತ್ ಹುಲ್ಲಿನಲ್ಲಿ ನನ್ನ ಮೊಮ್ಮಗ ಅಂಗೈಯಗಲದ ಬಸವನಹುಳು ನೋಡಿದನಂತೆ. ಮುಂದಿನ ಸಲ ಮನೆಗೆ ತರಲೇ ಅಂತ ಕೇಳುತ್ತಿದ್ದಾನೆ.
— ಅಜ್ಜಿ, ಉಡುಪಿ

ಉತ್ತರ: ಬೇಡ ಅಂತ ಹೇಳಿ ಅಜ್ಜಿ. ಅದನ್ನು ರೋಮನ್ ಬಸವನಹುಳು ಅಂತಲೇ ಕರೆಯುತ್ತಾರೆ. ತಿನ್ನುವುದಕ್ಕೆ ಅಂತ ರೋಮನ್ನರು ತಂದದ್ದರ ಸಂತಾನ ಅದು ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಅದನ್ನು ಹಿಡಿಯುವುದು ಕಾನೂನಿಗೆ ವಿರುದ್ಧ. ಮಳೆ ಬಂದು ನಿಂತ ಮೇಲೆ ಹೋದರೆ ಚೆನ್ನಾಗಿ ಕಾಣಿಸುತ್ತವೆ. ಮೊಮ್ಮಗನ ಕೈಗೆ ಒಂದು ಪೆನ್ಸಿಲ್, ಒಂದು ಹಾಳೆ ಕೊಟ್ಟು ಕಳಿಸಿ. ಚಿಪ್ಪಿನ ಸುತ್ತು ಎಷ್ಟಿದೆ ಅಂತ ಎಣಿಸಿ ಬರೆದು ತರಲಿ.