ಬಿಆರ್‌ಡಿಯು ಇರುವಾಗ ಜೀನ್ ತಿದ್ದಿದ ಇಲಿ ಯಾಕೆ ಬೇಕು?

ವಯಸ್ಕ ಇಲಿಯ ಮೆದುಳಿನಲ್ಲಿ ಹೊಸ ನರಕೋಶ ಹುಟ್ಟುವುದನ್ನು ಬಿಆರ್‌ಡಿಯು ಎಂಬ, ಒಡೆಯುವ ಕೋಶಗಳಿಗೆ ಗುರುತು ಹಾಕುವ ರಾಸಾಯನಿಕ ಚುಚ್ಚಿಯೇ ನೋಡಬಹುದಲ್ವಾ, ನೆಸ್ಟಿನ್-ಕ್ರೀಇಆರ್‌ಟಿ2 ಎಂಬ ಜೀನ್ ತಿದ್ದಿದ ಇಲಿಗೆ ಅಷ್ಟು ಖರ್ಚು ಯಾಕೆ ಎಂದು ಕೇಳಿದ್ದೀರಿ. ನಾನು ಕೆಲವು ವರ್ಷ ಇದೇ ಕೆಲಸ ಮಾಡಿದವಳು. ಈಗ ಉಡುಪಿಯಲ್ಲಿ ಪಾಠ ಮಾಡುತ್ತೇನೆ.

ಬಿಆರ್‌ಡಿಯು ಮತದಾನದ ಶಾಯಿಯ ಹಾಗೆ. ಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಅದರೊಳಗೆ ಸೇರಿಕೊಳ್ಳುತ್ತದೆ. ಆದರೆ ಕೋಶ ಮತ್ತೆ ಮತ್ತೆ ಒಡೆದರೆ ಗುರುತು ಹಂಚಿಹೋಗಿ ಮಾಸುತ್ತದೆ. ಕಾಣುವುದೂ ನ್ಯೂಕ್ಲಿಯಸ್ ಮಾತ್ರ, ಕೋಶದ ಕವಲುಗಳು ಕಾಣುವುದಿಲ್ಲ.

ಈ ಇಲಿಯಲ್ಲಿ ಕ್ರೀ ಎಂಬ ಕಿಣ್ವ ಹಾಕುವ ಗುರುತು ನಮ್ಮ ತುಳುನಾಡಿನ ‘ಬಳಿ’ ಎಂಬ ಕುಲದ ಹಾಗೆ. ಬಳಿ ತಾಯಿಯಿಂದ ಮಕ್ಕಳಿಗೆ, ಮಗಳಿಂದ ಮೊಮ್ಮಕ್ಕಳಿಗೆ ಬರುತ್ತದೆ. ಎಷ್ಟು ತಲೆಮಾರು ಕಳೆದರೂ ತೆಳುವಾಗುವುದಿಲ್ಲ. ಕ್ರೀ ಬ್ಯಾಕ್ಟೀರಿಯಾಕ್ಕೆ ತಗಲುವ ಪಿ1 ವೈರಸ್ಸಿನದು. ಡಿಎನ್‌ಎಯಲ್ಲಿ ಲಾಕ್ಸ್‌ಪಿ ಎಂಬ ಎರಡು ತಾಣಗಳ ನಡುವೆ ತಡೆಯಾಗಿ ಇಟ್ಟ ಡಿಎನ್‌ಎ ತುಂಡನ್ನು ಅದು ಕತ್ತರಿಸಿ ತೆಗೆಯುತ್ತದೆ. ತಡೆ ಹೋದ ಕೋಶ ಕೆಂಪಗೆ ಹೊಳೆಯುವ ಪ್ರೋಟೀನ್ ಮಾಡತೊಡಗುತ್ತದೆ. ಅದರ ಮಕ್ಕಳೂ ಕೆಂಪು, ಕವಲುಗಳ ಸಮೇತ. ಕ್ರೀಯನ್ನು ನೆಸ್ಟಿನ್ ಜೀನಿನ ಸ್ವಿಚ್ಚಿಗೆ ಜೋಡಿಸಿರುವುದರಿಂದ ಅದು ಮೆದುಳಿನಲ್ಲಿ ಮುಖ್ಯವಾಗಿ ಹೊಸ ಕೋಶ ಹುಟ್ಟಿಸುವ ಕಾಂಡಕೋಶಗಳಲ್ಲೇ ತಯಾರಾಗುತ್ತದೆ. ಇಆರ್‌ಟಿ2 ಎಂಬ ಬಾಲ ಅದನ್ನು ನ್ಯೂಕ್ಲಿಯಸ್ಸಿನ ಹೊರಗೆ ಹಿಡಿದಿಡುತ್ತದೆ. ಟ್ಯಾಮಾಕ್ಸಿಫೆನ್ ಕೊಟ್ಟಾಗಲೇ ಒಳಗೆ ಬಿಡುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುತ್ತಾರಲ್ಲ, ಅದೇ ಔಷಧಿ. ಯಾವ ಕೋಶ, ಯಾವ ದಿನ, ಎರಡೂ ನಿಮ್ಮ ಕೈಯಲ್ಲಿ. ನನಗೆ ಇವತ್ತಿಗೂ ಇದು ಬೆರಗು.

ಈ ವಾರ ಎಷ್ಟು ಕೋಶ ಒಡೆದವು ಎಂದಷ್ಟೇ ತಿಳಿಯಬೇಕಾದರೆ ಬಿಆರ್‌ಡಿಯು ಸಾಕು, ಸುಮ್ನೆ ಖರ್ಚು ಮಾಡಬೇಡಿ. 1998ರಲ್ಲಿ ಮನುಷ್ಯರ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶ ಕಂಡದ್ದೂ ಅದರಿಂದಲೇ, ಚಿಕಿತ್ಸೆಯ ವೇಳೆ ಅದನ್ನು ಪಡೆದಿದ್ದ ಕ್ಯಾನ್ಸರ್ ರೋಗಿಗಳು ತೀರಿಕೊಂಡ ಮೇಲೆ. ಒಂದು ಕಾಂಡಕೋಶದ ಸಂತಾನ ತಿಂಗಳ ನಂತರ ಏನಾಯಿತು ಎಂಬುದು ನಿಮ್ಮ ಪ್ರಶ್ನೆಯಾದರೆ ಮಾತ್ರ ಈ ಇಲಿ ಬೇಕು.

ಒಂದು ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ಸಲ ಕೆಂಪು ಕೋಶಗಳನ್ನು ಕಂಡು ಕುಣಿದಾಡಿದ್ದೆ. ಆಮೇಲೆ ನೋಡಿದರೆ ಔಷಧಿ ಕೊಡದ ಇಲಿಗಳಲ್ಲೂ ಕೆಂಪು! ಕೆಲವು ತಳಿಗಳಲ್ಲಿ ಕ್ರೀ ತಾನಾಗಿಯೇ ಸ್ವಲ್ಪ ಸೋರುತ್ತದೆ. ಎರಡು ತಿಂಗಳ ಕೆಲಸ ಮತ್ತೆ ಮಾಡಬೇಕಾಯಿತು. ನೀವು ಮೊದಲ ದಿನದಿಂದಲೇ ಹೋಲಿಕೆಗೆಂದು ನಾಲ್ಕೈದು ಇಲಿಗಳಿಗೆ ಟ್ಯಾಮಾಕ್ಸಿಫೆನ್ ಇಲ್ಲದ ಬರೀ ಎಣ್ಣೆ ಕೊಡಿ. ಅವುಗಳ ಮೆದುಳನ್ನೂ ಅದೇ ದಿನ ತೆಗೆದು, ಅದೇ ಸೂಕ್ಷ್ಮದರ್ಶಕದಲ್ಲಿ ಎಣಿಸಿ.